ಕಟಕಟೆ ಹತ್ತುವ ಮೊದಲೇ ಸೋಲುವ ಕೇಸು

ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳೊಬ್ಬಳು ತಾಯಿಯ ಜತೆ ಪೊಲೀಸ್ ಠಾಣೆಗೆ ದೂರು ಕೊಡಲು ಬಂದಿದ್ದಾಳೆ ಅಂದುಕೊಳ್ಳಿ. ಸ್ಟೇಷನ್ ರೈಟರ್ ಪ್ರಶ್ನೆ ಕೇಳುವುದು ತಾಯಿಯನ್ನು. ತಾಯಿ ಮಗಳ ಕಡೆ ತಿರುಗಿ ಕೈಸನ್ನೆ ಮಾಡುತ್ತಾಳೆ, ಮಗಳು ತಲೆಯಾಡಿಸುತ್ತಾಳೆ, ರೈಟರ್ ಬರೆದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಎರಡು ಪುಟದ ಹೇಳಿಕೆ ಸಿದ್ಧ. ಅದರಲ್ಲಿ ಮಗಳದ್ದು ಎನ್ನಬಹುದಾದ ಒಂದು ವಾಕ್ಯವೂ ಇಲ್ಲ, ಕೆಳಗೆ ಅವಳ ಹೆಬ್ಬೆಟ್ಟು ಮಾತ್ರ ಇದೆ. ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳು ಕಳೆದು ಕೇಸು ವಿಚಾರಣೆಗೆ ಬಂದಾಗ ಆರೋಪಿ ಪರ ವಕೀಲರು ಕೇಳುವುದು ಒಂದೇ ಪ್ರಶ್ನೆ: ಈ ಹೇಳಿಕೆ ಯಾರದ್ದು, ಮಗಳದ್ದೋ ತಾಯಿಯದ್ದೋ? ಅದಕ್ಕೆ ಉತ್ತರ ಕೊಡಬಲ್ಲ ಯಾವ ದಾಖಲೆಯೂ ಕಡತದಲ್ಲಿ ಇರುವುದಿಲ್ಲ.

ಅಂಗವಿಕಲರಿಗೆ ನ್ಯಾಯ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಕೋರ್ಟಿನ ರ‍್ಯಾಂಪಿನ ಕಡೆಗೆ ಹೋಗುತ್ತದೆ. ರ‍್ಯಾಂಪ್ ಬೇಕು, ಅದರ ಅಳತೆಯೂ ಮುಖ್ಯ, ಅದನ್ನು ಮುಂದೆ ನೋಡೋಣ. ಆದರೆ ಕೇಸುಗಳು ಹೆಚ್ಚಾಗಿ ಸೋಲುವುದು ಮೆಟ್ಟಿಲ ಮೇಲಲ್ಲ, ಮೊದಲ ದಿನದ ಮೊದಲ ಕಾಗದದಲ್ಲಿ. ಕರ್ನಾಟಕದಲ್ಲಿ 2011ರ ಜನಗಣತಿ ಎಣಿಸಿದ ಅಂಗವಿಕಲರು 13.24 ಲಕ್ಷ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು ಆಮೇಲೆ, ಹಾಗಾಗಿ ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಇಷ್ಟು ಜನರಿಗೆ ಬೇಕಾದ ಕಾನೂನು ಬಹುಪಾಲು ಈಗಾಗಲೇ ಇದೆ. ಇಲ್ಲದಿರುವುದು ಆ ಕಾನೂನನ್ನು ರಾತ್ರಿ ಎಂಟು ಗಂಟೆಗೆ ಒಂದು ತಾಲ್ಲೂಕು ಠಾಣೆಯಲ್ಲಿ ನಡೆಸಿಕೊಡುವ ಮನುಷ್ಯ, ಅವನ ಫೋನ್ ನಂಬರ್, ಅವನಿಗೆ ಕೊಡಬೇಕಾದ ಹಣ.

ಮೊದಲ ದಿನ ಏನಾಗಬೇಕು

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಸ್ಪಷ್ಟವಾಗಿದೆ. ಅತ್ಯಾಚಾರ, ಲೈಂಗಿಕ ಕಿರುಕುಳ, ಹಿಂಬಾಲಿಸುವಿಕೆ, ಆ್ಯಸಿಡ್ ದಾಳಿಯಂಥ ಅಪರಾಧಗಳಲ್ಲಿ ನೊಂದವರು ದೈಹಿಕವಾಗಿ ಅಥವಾ ಮಾನಸಿಕವಾಗಿ ಅಂಗವಿಕಲರಾಗಿದ್ದರೆ, ಪೊಲೀಸ್ ಅಧಿಕಾರಿಯೇ ಅವರ ಮನೆಗೆ ಅಥವಾ ಅವರು ಹೇಳಿದ ಅನುಕೂಲದ ಜಾಗಕ್ಕೆ ಹೋಗಿ ದೂರು ಬರೆದುಕೊಳ್ಳಬೇಕು. ಆ ಹೊತ್ತಿಗೆ ದುಭಾಷಿ ಅಥವಾ ವಿಶೇಷ ಶಿಕ್ಷಕರು ಎದುರಿಗಿರಬೇಕು. ಅದರ ವಿಡಿಯೊ ಆಗಬೇಕು. ಆದಷ್ಟು ಬೇಗ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಬೇಕು. ಈ ಬಗೆಯ ಬಹುತೇಕ ಅಪರಾಧಗಳಲ್ಲಿ ದೂರು ದಾಖಲಿಸಿಕೊಳ್ಳದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಕನಿಷ್ಠ ಆರು ತಿಂಗಳ ಕಠಿಣ ಶಿಕ್ಷೆಯಿದೆ.

ಠಾಣೆಯಲ್ಲಿ ಎದುರಾಗುವ ಮೊದಲ ಅಡ್ಡಿ, 'ಸರ್ಟಿಫಿಕೇಟ್ ತನ್ನಿ' ಎಂಬ ಮಾತು. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಇಲ್ಲದಿದ್ದರೆ ಅಂಗವಿಕಲರೆಂದು ಹೇಗೆ ನಂಬುವುದು ಎನ್ನುತ್ತಾರೆ. ಕಾನೂನಿನ ಮಾತನ್ನೇ ಓದಿ: 'ತಾತ್ಕಾಲಿಕವಾಗಿ ಅಥವಾ ಶಾಶ್ವತವಾಗಿ' ಅಂಗವಿಕಲರಾದವರು ಎಂದಿದೆ. ತಾತ್ಕಾಲಿಕ ವೈಕಲ್ಯಕ್ಕೆ ಯಾರೂ ಕಾರ್ಡ್ ಮಾಡಿಸಿಕೊಂಡು ಕೂತಿರುವುದಿಲ್ಲ. ಪಿಂಚಣಿಗೆ, ಬಸ್ ಪಾಸಿಗೆ ಕಾರ್ಡ್ ಬೇಕು. ದುಭಾಷಿಯನ್ನು ಕರೆಸಲು ಬೇಡ. ಈ ಒಂದು ತಪ್ಪಿನಿಂದಲೇ ಎಷ್ಟೋ ದೂರುಗಳು ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿಯ ಸರದಿಯಲ್ಲಿ ನಿಂತು ತಡವಾಗುತ್ತವೆ, ಆಮೇಲೆ ಆ ತಡವೇ ಪಾಟೀ ಸವಾಲಿನ ಅಸ್ತ್ರವಾಗುತ್ತದೆ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೆ ಇರುವ ಒಂದು ಬಲ ಬಹಳ ಜನರಿಗೆ ಗೊತ್ತಿಲ್ಲ. ಅಂಗವಿಕಲರು ದುಭಾಷಿಯ ನೆರವಿನಿಂದ ಕೊಟ್ಟು, ವಿಡಿಯೊ ಆದ ಆ ಹೇಳಿಕೆಯನ್ನು ವಿಚಾರಣೆಯಲ್ಲಿ ಮುಖ್ಯ ವಿಚಾರಣೆಯ (ಸಾಕ್ಷಿಯನ್ನು ಕರೆಸಿದ ಕಡೆಯ ವಕೀಲರೇ ಮೊದಲು ಪ್ರಶ್ನಿಸುವುದು) ಬದಲಿಗೆ ಓದಿಕೊಳ್ಳಬಹುದು. ಅಂದರೆ ಅದೇ ಘಟನೆಯನ್ನು ತುಂಬಿದ ಕೋರ್ಟ್ ಹಾಲಿನಲ್ಲಿ ಮೊದಲಿನಿಂದ ಹೇಳಬೇಕಿಲ್ಲ, ಪಾಟೀ ಸವಾಲಿಗೆ ಮಾತ್ರ ಕೂತರೆ ಸಾಕು. ಹೇಳಿಕೆ ದುಭಾಷಿಯಿಲ್ಲದೆ, ವಿಡಿಯೊ ಇಲ್ಲದೆ ಆಗಿದ್ದರೆ ಈ ಅನುಕೂಲ ಕೈತಪ್ಪಿತು.

ಇಲ್ಲೊಂದು ದೊಡ್ಡ ಕಿಂಡಿಯೂ ಇದೆ. ಮನೆಗೆ ಬಂದು ದೂರು ಬರೆದುಕೊಳ್ಳುವ ಈ ಕರ್ತವ್ಯ ಕೆಲವೇ ಅಪರಾಧಗಳಿಗೆ ಸೀಮಿತ. ಜಮೀನು ಕಬಳಿಸಿದ, ಪಿಂಚಣಿ ಹಣ ಲಪಟಾಯಿಸಿದ, ಹೊಡೆದ ಪ್ರಕರಣದಲ್ಲಿ ಕಿವುಡನಿಗೆ ಅದೇ ಅನುಕೂಲ ಬೇಕೆಂದರೆ 2016ರ ಕಾಯ್ದೆಯ 12ನೇ ಕಲಮನ್ನು ಹಿಡಿಯಬೇಕು. ಕೋರ್ಟು, ನ್ಯಾಯಮಂಡಳಿ, ಆಯೋಗ ಮಾತ್ರವಲ್ಲ, ತನಿಖೆ ಮಾಡುವ ಅಧಿಕಾರವಿರುವ ಯಾವುದೇ ಸಂಸ್ಥೆಯೂ ಅಂಗವಿಕಲರಿಗೆ ಭೇದವಿಲ್ಲದೆ ತೆರೆದಿರಬೇಕು, ಅವರಿಗೆ ಒಗ್ಗುವ ಭಾಷೆ ಮತ್ತು ವಿಧಾನದಲ್ಲಿ ಸಾಕ್ಷ್ಯ ದಾಖಲಿಸುವ ಸೌಲಭ್ಯ ಇರಬೇಕು ಎಂದು ಅದು ಹೇಳುತ್ತದೆ. ಇನ್ನು, ಸಾಕ್ಷಿಯಾಗಿ ಠಾಣೆಗೆ ಬಾ ಎಂದು ಅಂಗವಿಕಲರನ್ನು ಕರೆಯುವಂತೆಯೇ ಇಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಅವರ ವಾಸಸ್ಥಳದಲ್ಲೇ ವಿಚಾರಿಸಬೇಕು, ಅವರಾಗಿ ಬರಲು ಒಪ್ಪಿದರೆ ಮಾತ್ರ ಬರಬಹುದು.

ದುಭಾಷಿ ಅಂದರೆ ಯಾರು?

ಕರೆದದ್ದು ಯಾರನ್ನು ಎಂಬಲ್ಲಿಗೆ ಬಂದಾಗ ವಿಷಯ ಜಟಿಲವಾಗುತ್ತದೆ. ಕಿವುಡರ ಶಾಲೆಗೆ ಹೋದವರಿಗೆ ಭಾರತೀಯ ಸಂಜ್ಞಾ ಭಾಷೆ ಬರುತ್ತದೆ. ಹಳ್ಳಿಯಲ್ಲೇ ಬೆಳೆದು ಶಾಲೆಯ ಮುಖ ನೋಡದವರಿಗೆ ಬರುವುದು ಮನೆ ಸನ್ನೆ: ತಾಯಿ, ಅಕ್ಕ, ಪಕ್ಕದ ಮನೆಯವರಿಗಷ್ಟೇ ತಿಳಿಯುವಂಥದ್ದು. ಬೆಂಗಳೂರಿನಿಂದ ಪ್ರಮಾಣಪತ್ರವಿರುವ ದುಭಾಷಿಯನ್ನು ಕರೆಸಿದರೂ ಅವರಿಗೆ ಈ ಸನ್ನೆ ಅರ್ಥವಾಗದೆ ಹೋಗಬಹುದು. ಹಾಗೆಂದು ತಾಯಿಯನ್ನೇ ದುಭಾಷಿ ಮಾಡಿದರೆ 'ಹೇಳಿಕೊಟ್ಟ ಸಾಕ್ಷ್ಯ' ಎಂಬ ಆಕ್ಷೇಪ.

ಇದು ಬರೀ ಊಹೆಯಲ್ಲ. ರಾಜಸ್ಥಾನದ ಒಂದು ಕೊಲೆ ಪ್ರಕರಣದಲ್ಲಿ ಮಾತು ಬಾರದ ಸಾಕ್ಷಿಗೆ ಆಕೆಯ ತಂದೆಯೇ ದುಭಾಷಿಯಾಗಿದ್ದರು. ಅವರಿಗೆ ಪ್ರಮಾಣವಚನ ಬೋಧಿಸಿರಲಿಲ್ಲ, ತನಿಖೆಯಲ್ಲೂ ಅವರ ಪಾತ್ರವಿತ್ತು. 2012ರಲ್ಲಿ ದರ್ಶನ್ ಸಿಂಗ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸಾಕ್ಷ್ಯವನ್ನು ನಂಬಲಾಗದೆ ಖುಲಾಸೆಯನ್ನು ಎತ್ತಿಹಿಡಿಯಿತು. ದುಭಾಷಿ ಸಾಕ್ಷಿಯ ಪರಿಸರವನ್ನು ಬಲ್ಲವರಾಗಿರಬೇಕು, ಆದರೆ ಕೇಸಿನಲ್ಲಿ ಹಿತಾಸಕ್ತಿ ಇರಬಾರದು, ಪ್ರಮಾಣ ಮಾಡಿರಬೇಕು. ಸನ್ನೆಯೂ ಅದರ ಅರ್ಥವೂ ದಾಖಲಾಗಬೇಕು. ಇಷ್ಟು ಕೇಳಿದರೆ ಸುಲಭ ಅನ್ನಿಸುತ್ತದೆ, ಆದರೆ ಕೋರ್ಟಿನ ಸಾಕ್ಷ್ಯದ ಹಾಳೆಯಲ್ಲಿ ಕಾಣಿಸುವುದು ಬರೀ ಅರ್ಥ.

ಸರಿಯಾದ ದಾಖಲೆ ಹೀಗಿರುತ್ತದೆ. ಪ್ರಶ್ನೆ: ಅಲ್ಲಿಗೆ ಬಂದವರು ಯಾರು? ಸನ್ನೆ: ಸಾಕ್ಷಿ ಬಲಗೈ ತೋರುಬೆರಳಿನಿಂದ ಮೇಲ್ದುಟಿಯ ಮೇಲೆ ಎರಡೂ ಕಡೆ ಗೀಟೆಳೆದು, ಬಳಿಕ ಎಡ ಮೊಣಕಾಲು ಮುಟ್ಟಿ ಕುಂಟಿದಂತೆ ಮಾಡಿದರು. ದುಭಾಷಿ ಹೇಳಿದ ಅರ್ಥ: ಮೀಸೆಯಿರುವ, ಎಡಗಾಲು ಕುಂಟುವ ಗಂಡಸು. ಮೂರೂ ಇದ್ದರೆ ಮೇಲಿನ ಕೋರ್ಟಿನ ನ್ಯಾಯಮೂರ್ತಿಗಳು ದುಭಾಷಿ ಸೇರಿಸಿದ್ದೇನು, ಸಾಕ್ಷಿ ಹೇಳಿದ್ದೇನು ಎಂದು ತಾವೇ ತೂಗಿ ನೋಡಬಹುದು.

ತಲೆಯಾಡಿಸುವುದನ್ನಂತೂ ಹೌದು ಎಂದು ಬರೆಯಲೇಬಾರದು. ಎದುರಿನವರು ಸನ್ನೆ ಮಾಡುವಾಗ ಕಿವುಡರು ತಲೆಯಾಡಿಸುವುದು ಎಷ್ಟೋ ಸಲ 'ನೋಡುತ್ತಿದ್ದೇನೆ, ಮುಂದೆ ಹೇಳಿ' ಎನ್ನುವುದಕ್ಕೆ. 'ಅವನು ನಿನಗೆ ಹೊಡೆದನಾ?' ಎಂಬ ಪ್ರಶ್ನೆ ಪೂರ್ತಿಯಾಗುವ ಮೊದಲೇ ಬಂದ ತಲೆಯಾಟ ಹೇಳಿಕೆಯಲ್ಲಿ 'ಹೌದು, ಹೊಡೆದನು' ಎಂದಾಗಿಬಿಡುತ್ತದೆ. ಹೌದು ಎಂಬುದನ್ನು ಸಾಕ್ಷಿ ತನ್ನದೇ ಸನ್ನೆಯಲ್ಲಿ ತೋರಿಸುವವರೆಗೆ ಕಾಯಬೇಕು.

ಇನ್ನೊಂದು ತೊಡಕು ಸೂಚಕ ಪ್ರಶ್ನೆಯದ್ದು, ಅಂದರೆ ಉತ್ತರವನ್ನು ತಾನೇ ಸುಳಿವಾಗಿ ಕೊಡುವ ಪ್ರಶ್ನೆಯದ್ದು. 'ಯಾವಾಗ?' ಎಂಬ ಬಿಡಿ ಪ್ರಶ್ನೆ ಮನೆ ಸನ್ನೆಯವರಿಗೆ ಮುಟ್ಟದೆ ಇರಬಹುದು, 'ಹಗಲೋ, ಕತ್ತಲೆಯೋ?' ಎಂದು ಆಯ್ಕೆಗಳನ್ನು ಮುಂದಿಡಬೇಕಾಗುತ್ತದೆ. ಆರೋಪಿ ಪರ ವಕೀಲರು ತಕ್ಷಣ ಆಕ್ಷೇಪಿಸುತ್ತಾರೆ. ಹಾಗಾಗಿ ವಿಚಾರಣೆ ಆರಂಭಿಸುವ ಮೊದಲೇ ದುಭಾಷಿಯಿಂದ ಸಾಕ್ಷಿಯ ಭಾಷಾಮಟ್ಟದ ಬಗ್ಗೆ ಒಂದು ಟಿಪ್ಪಣಿ ಪಡೆದು, ಆಯ್ಕೆ ಕೊಟ್ಟು ಕೇಳುವುದು ಏಕೆ ಅನಿವಾರ್ಯ ಎಂದು ನ್ಯಾಯಾಧೀಶರು ಬರೆದಿಟ್ಟರೆ ಆಕ್ಷೇಪಕ್ಕೆ ಉತ್ತರ ಅಲ್ಲೇ ಇರುತ್ತದೆ. ಮನೆ ಸನ್ನೆಯವರಿಗೆ ಎರಡು ಹಂತದ ವ್ಯವಸ್ಥೆ ಒಳ್ಳೆಯದು: ಅನುಭವಿ ಕಿವುಡ ವ್ಯಕ್ತಿಯೊಬ್ಬರು ಮನೆ ಸನ್ನೆಯನ್ನು ಸಂಜ್ಞಾ ಭಾಷೆಗೆ ತರುವುದು, ಕೇಳಿಸಿಕೊಳ್ಳಬಲ್ಲ ದುಭಾಷಿ ಅದನ್ನು ಕನ್ನಡಕ್ಕೆ ತರುವುದು. ನಿಧಾನವಾಗುತ್ತದೆ ನಿಜ. ಒಬ್ಬರೇ ಇಡೀ ದಿನ ಮಾಡುವ ಕೆಲಸವೂ ಇದಲ್ಲ, ಅರ್ಧ ಗಂಟೆಯೊಳಗೆ ದುಭಾಷಿಯ ಗಮನ ಸಡಿಲುತ್ತದೆ. ಇಬ್ಬರು ಸರದಿಯಲ್ಲಿ ಮಾಡಬೇಕು ಅಥವಾ ವಿರಾಮ ಕೊಡಬೇಕು.

ವಿಡಿಯೊ ವಿಷಯದಲ್ಲಿ ನಡೆಯುವ ತಪ್ಪು ಬಹಳ ಸರಳ. ಮೊಬೈಲ್ ಹಿಡಿದ ಸಿಬ್ಬಂದಿ ಮಾತಾಡುವವರ ಕಡೆ ತಿರುಗಿಸುತ್ತಾರೆ, ಅಂದರೆ ದುಭಾಷಿಯ ಕಡೆ. ದಾಖಲಾಗಬೇಕಾದದ್ದು ಸಾಕ್ಷಿಯ ಕೈ ಮತ್ತು ಮುಖ, ಸೊಂಟದಿಂದ ತಲೆಯವರೆಗೆ, ಕೈ ಚೌಕಟ್ಟಿನಾಚೆ ಹೋಗದಂತೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗುತ್ತದೆ. ಎರಡು ಫೋನ್ ಇದ್ದರೆ ಒಂದು ಸಾಕ್ಷಿಗೆ, ಒಂದು ದುಭಾಷಿಗೆ. ಒಂದೇ ಇದ್ದರೆ ಸಾಕ್ಷಿಗೇ, ದುಭಾಷಿಯ ದನಿ ಹೇಗೂ ಕೇಳಿಸುತ್ತದೆ. ಮುಗಿದ ಮೇಲೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರವನ್ನು ಹ್ಯಾಶ್ ಮೌಲ್ಯದ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಸಮೇತ ಲಗತ್ತಿಸದಿದ್ದರೆ ಅಷ್ಟೂ ಶ್ರಮ ವ್ಯರ್ಥ. ಕೋರ್ಟಿನಲ್ಲೂ ನಿಯಮ ಇದೇ. ಅದೇ ಅಧಿನಿಯಮದ 125ನೇ ಕಲಮಿನಂತೆ ಮಾತಾಡಲಾಗದ ಸಾಕ್ಷಿಗೆ ನ್ಯಾಯಾಲಯ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ವಿಡಿಯೊ ಮಾಡಲೇಬೇಕು, ಹಾಗೆ ಕೊಟ್ಟ ಸಾಕ್ಷ್ಯ ಮೌಖಿಕ ಸಾಕ್ಷ್ಯಕ್ಕೆ ಸಮ.

ಇಷ್ಟೆಲ್ಲ ಮಾಡಲು ದುಭಾಷಿ ಎಲ್ಲಿಂದ ಬರಬೇಕು? ಮಕ್ಕಳ ವಿಷಯದಲ್ಲಿ ಉತ್ತರವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳು, ಅನುವಾದಕರು, ವಿಶೇಷ ಶಿಕ್ಷಕರ ಪಟ್ಟಿ ಇಟ್ಟಿರಬೇಕು, ಅವರ ಸಂಭಾವನೆಯ ಮೂಲವನ್ನೂ ನಿಯಮವೇ ಹೇಳಿದೆ. ಆದರೆ ಹದಿನೇಳು ವರ್ಷದ ಹುಡುಗಿಗೆ ಸಿಗುವ ಈ ಪಟ್ಟಿ ಅವಳಿಗೆ ಹದಿನೆಂಟು ತುಂಬಿದ ಮರುದಿನ ಅವಳದ್ದಲ್ಲ. ನಮ್ಮ ದೃಷ್ಟಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಬೇಗ ಆಗಬಹುದಾದ ಸುಧಾರಣೆ ಇದು: ಆ ಪಟ್ಟಿಯನ್ನೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ತನ್ನದಾಗಿಸಿಕೊಂಡು, ವಯಸ್ಕರಿಗೂ ತೆರೆದು, ಪ್ರತಿ ಠಾಣೆಯ ಗೋಡೆಗೆ ಅಂಟಿಸುವುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜಿಲ್ಲೆಗಳ ಕಿವುಡ ಮಕ್ಕಳ ಶಾಲೆಗಳು, ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಅವರನ್ನು ಠಾಣೆಗೆ ಜೋಡಿಸುವ ದಾರವೊಂದು ಬೇಕಾಗಿದೆ.

ನ್ಯಾಯಾಲಯ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಿದರ್ಶನ ನಮ್ಮಲ್ಲೇ ಇದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಪಾಲ್ಗೊಂಡರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅವರ ವಾದವನ್ನು ಸಂಜ್ಞಾ ಭಾಷೆಯ ದುಭಾಷಿಯ ನೆರವಿನಿಂದ ಆಲಿಸಿತು. ವಕೀಲರಿಗೆ ಹೈಕೋರ್ಟಿನಲ್ಲಿ ಸಿಕ್ಕಿದ್ದು ಕಕ್ಷಿದಾರರಿಗೆ ತಾಲ್ಲೂಕು ಕೋರ್ಟಿನಲ್ಲಿ ಸಿಗಬೇಕು.

ಬುದ್ಧಿಮಾಂದ್ಯರನ್ನು ಪ್ರಶ್ನಿಸುವ ಬಗೆ

ಇಲ್ಲಿ ದುಭಾಷಿಗಿಂತ ವಿಶೇಷ ಶಿಕ್ಷಕರ ಅಗತ್ಯ ಹೆಚ್ಚು. ಬೌದ್ಧಿಕ ವೈಕಲ್ಯವಿರುವವರಿಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಮೊದಲ ಉತ್ತರ ತಪ್ಪಾಯಿತೇನೋ ಎಂದುಕೊಂಡು ಬದಲಾಯಿಸುತ್ತಾರೆ. 'ನೀನು ಅಲ್ಲಿಗೆ ಹೋಗಿರಲಿಲ್ಲ ಅನ್ನೋದು ಸುಳ್ಳಲ್ಲ ಅಲ್ವಾ?' ಎಂಬ ಪಾಟೀ ಸವಾಲಿಗೆ ಓದಿದವರೇ ತಡವರಿಸುತ್ತಾರೆ. ಗಂಟೆ, ತಾರೀಕು ಕೇಳುವ ಬದಲು ಸಂತೆಯ ದಿನವೋ, ಊಟಕ್ಕೆ ಮುಂಚೆಯೋ, ದನ ಮನೆಗೆ ಬಂದ ಮೇಲೋ ಎಂದು ಕೇಳಿದರೆ ಉತ್ತರ ಗಟ್ಟಿಯಾಗಿರುತ್ತದೆ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ. ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಲ. ದೇಹದ ಭಾಗಗಳಿಗೆ ಚಿತ್ರ ಅಥವಾ ಬೊಂಬೆ. ಇವನ್ನೆಲ್ಲ ತಡೆಯುವ ಯಾವ ನಿಯಮವೂ ಇಲ್ಲ. ನ್ಯಾಯಾಧೀಶರು ಅಡ್ಡ ಬಂದು ಪ್ರಶ್ನೆಯನ್ನು ಬಿಡಿಸಿ ಕೇಳಿ ಎಂದರೆ ಸಾಕು.

2022ರ ಜನವರಿಯಲ್ಲಿ ಸ್ಮೃತಿ ತುಕಾರಾಂ ಬಡಾಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ದುರ್ಬಲ ಸಾಕ್ಷಿ', ಅಂದರೆ ವಿಶೇಷ ರಕ್ಷಣೆ ಬೇಕಾದ ಸಾಕ್ಷಿ, ಎಂಬ ಮಾತಿಗೆ ಮಕ್ಕಳಷ್ಟೇ ಅಲ್ಲ, ಮಾನಸಿಕ ಅಸ್ವಸ್ಥರು ಮತ್ತು ಯಾವುದೇ ವೈಕಲ್ಯವಿರುವವರೂ ಸೇರುತ್ತಾರೆ ಎಂದಿತು, ಅವರ ಸಾಕ್ಷ್ಯ ದಾಖಲಿಸಲು ಪ್ರತಿ ಜಿಲ್ಲೆಯಲ್ಲಿ ಪ್ರತ್ಯೇಕ ಕೇಂದ್ರ ಇರಬೇಕೆಂದಿತು. ಕೇಂದ್ರ ತಾನಾಗಿ ಸಿಗುವುದಿಲ್ಲ. ಸಾಕ್ಷಿಯನ್ನು ಅಲ್ಲೇ ವಿಚಾರಿಸಬೇಕೆಂದು ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು.

92ನೇ ಕಲಮು ಎಂಬ ಮರೆತ ಅಸ್ತ್ರ

ಸಾರ್ವಜನಿಕವಾಗಿ ಅವಮಾನಿಸುವುದು, ಹೊಡೆಯುವುದು, ನೋಡಿಕೊಳ್ಳುವವರೇ ಅನ್ನ ನೀರು ಕೊಡದಿರುವುದು, ವೀಲ್‌ಚೇರ್ ಊರುಗೋಲು ಕಿತ್ತುಕೊಂಡು ಬಳಸದಂತೆ ಮಾಡುವುದು: 2016ರ ಕಾಯ್ದೆಯ 92ನೇ ಕಲಮಿನಡಿ ಇವಕ್ಕೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು. ಐದು ವರ್ಷದವರೆಗೆ ಶಿಕ್ಷೆ ಇರುವುದರಿಂದ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಂತೆ ಇದು ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು), ಜಾಮೀನು ರಹಿತ. ಠಾಣೆಯಲ್ಲಿ ಇದನ್ನು ಬೈಗುಳದ ಗಲಾಟೆಯೆಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟು ಕಳಿಸಿದರೆ ಅದು ತಪ್ಪು. ಎಫ್‌ಐಆರ್‌ನಲ್ಲಿ 92 ಸೇರದಿದ್ದರೆ ಪ್ರಕರಣ 84ನೇ ಕಲಮಿನ ವಿಶೇಷ ನ್ಯಾಯಾಲಯಕ್ಕೆ ಹೋಗುವುದು ಕಷ್ಟವಾಗುತ್ತದೆ, ಆದ್ದರಿಂದ ದೂರಿನಲ್ಲೇ ಕಲಮಿನ ಸಂಖ್ಯೆ ಬರೆಯುವುದು ಜಾಣತನ. ಮನೆಯೊಳಗಿನ ಹಿಂಸೆಯಾದರೆ 7ನೇ ಕಲಮಿನಡಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ, ರಕ್ಷಣೆ ಕೋರಿ ಅರ್ಜಿ ಕೊಡಬಹುದು. ಇದನ್ನು ನೊಂದವರಿಗೆ ತಿಳಿಸುವುದು ಪೊಲೀಸರ ಕರ್ತವ್ಯವೆಂದು ಅದೇ ಕಲಮಿನಲ್ಲಿ ಬರೆದಿದೆ.

ಕಾಣದವರ ಕೈಗೆ ಕೊಡುವ ಕಾಗದ

ಆಂಧ್ರದ ಕರ್ನೂಲು ಜಿಲ್ಲೆಯಲ್ಲಿ 2011ರಲ್ಲಿ ಹುಟ್ಟು ಕುರುಡಿಯಾದ ಯುವತಿಯ ಮೇಲೆ ಅತ್ಯಾಚಾರ ನಡೆಯಿತು. ಆರೋಪಿ ಅವಳ ಅಣ್ಣಂದಿರ ಗೆಳೆಯ, ಮನೆಗೆ ಬಂದು ಹೋಗುತ್ತಿದ್ದವನು. ಅವಳು ಅವನನ್ನು ಗುರುತಿಸಿದ್ದು ದನಿಯಿಂದ. 2021ರ ಏಪ್ರಿಲ್‌ನಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಜಗತ್ತನ್ನು ಬೇರೆ ರೀತಿಯಲ್ಲಿ ಅರಿಯುವವರ ಸಾಕ್ಷ್ಯ ಅದೇ ಕಾರಣಕ್ಕೆ ಕಡಿಮೆ ತೂಕದ್ದಾಗುವುದಿಲ್ಲ ಎಂದರು, ಶಿಕ್ಷೆಯನ್ನು ಎತ್ತಿಹಿಡಿದರು. ತನಿಖಾಧಿಕಾರಿಗಳು ಇದರಿಂದ ಕಲಿಯಬೇಕಾದದ್ದು: ಸಾಕ್ಷಿಗೆ ಆ ದನಿ ಎಷ್ಟು ದಿನದಿಂದ ಪರಿಚಯ, ಎಲ್ಲೆಲ್ಲಿ ಕೇಳಿದ್ದಳು ಎಂಬುದನ್ನು ಮೊದಲ ಹೇಳಿಕೆಯಲ್ಲೇ ಬರೆಯಬೇಕು.

ಕಡತದ ವಿಷಯ ಬೇರೆಯೇ ಕಥೆ. ದೋಷಾರೋಪ ಪಟ್ಟಿಯ ಪ್ರತಿ ಅಂಧರಿಗೂ ಸಿಗುತ್ತದೆ, ಓದಲು ಮಾತ್ರ ಬರುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕನ್ನಡವನ್ನು ಸ್ಕ್ರೀನ್ ರೀಡರ್ (ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಉಚ್ಚರಿಸುತ್ತದೆ. ಪ್ರಿಂಟ್ ತೆಗೆದು, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಸ್ಕ್ರೀನ್ ರೀಡರಿಗೆ ಅದು ಖಾಲಿ ಪುಟ. ಅಕ್ಷರ ಗುರುತಿಸುವ ತಂತ್ರಾಂಶ ಹಾಕಿದರೂ ಮೊಹರು ಅಕ್ಷರಗಳ ಮೇಲೆ ಬಿದ್ದಿದ್ದರೆ, ಪುಟ ಓರೆಯಾಗಿದ್ದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಪರಿಹಾರ ಕಷ್ಟದ್ದಲ್ಲ: ಯೂನಿಕೋಡಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆಯದೆ ನೇರವಾಗಿ ಪಿಡಿಎಫ್ ಮಾಡಿ, ಡಿಜಿಟಲ್ ಸಹಿ ಹಾಕುವುದು. ಸ್ಕ್ಯಾನ್ ಅನಿವಾರ್ಯವಾದರೆ 300 ಡಿಪಿಐ, ಮೊಹರು ಅಂಚಿನಲ್ಲಿ. ನೋಂದಣಿ ವಿಭಾಗಗಳಲ್ಲಿ ದಾಖಲೆಗಳನ್ನು ಬಳಸಬಲ್ಲ ರೂಪದಲ್ಲಿಡಲು ಏರ್ಪಾಡಿರಬೇಕೆಂದು 2016ರ ಕಾಯ್ದೆಯ 12ನೇ ಕಲಮು ಹೇಳಿದೆ, ಡಿಜಿಟಲ್ ಸೌಲಭ್ಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಹೇಳಿದೆ.

ಕಟ್ಟಡದ ಬಗ್ಗೆ ಎರಡೇ ಮಾತು. ರ‍್ಯಾಂಪಿನ ಇಳಿಜಾರು 1:12 ಇರಬೇಕು. ತಲಾ 15 ಸೆಂ.ಮೀ.ನ ನಾಲ್ಕು ಮೆಟ್ಟಿಲಿದ್ದರೆ ರ‍್ಯಾಂಪ್ 7.2 ಮೀಟರ್ ಉದ್ದ ಬೇಕು. ಅದನ್ನು ಎರಡು ಮೀಟರಿನಲ್ಲಿ ಮುಗಿಸಿದರೆ ಅದು ಬೈಕ್ ಹತ್ತಿಸುವ ದಾರಿಯಾಗುತ್ತದೆ. ಒಳಗೆ ಹೋದರೂ ಕಟಕಟೆಗೆ ಮೆಟ್ಟಿಲು, ಅದರ ಬಾಗಿಲು ವೀಲ್‌ಚೇರಿಗಿಂತ ಕಿರಿದು. ಸಾಕ್ಷಿ ಕೆಳಗೇ ಕೂತು ಹೇಳಲಿ ಎಂದು ಅನುಮತಿಸಲು ಹಣ ಬೇಡ. ಸೌಲಭ್ಯದ ಮಾನದಂಡಗಳು ಬರೀ ಸಲಹೆಯಲ್ಲ, ಕಡ್ಡಾಯ ಆಗಬೇಕೆಂದು 2024ರ ನವೆಂಬರಿನ ರಾಜೀವ್ ರತೂರಿ ತೀರ್ಪು ಹೇಳಿದ ಮೇಲೆ ನೆಪಗಳಿಗೆ ಜಾಗ ಉಳಿದಿಲ್ಲ.

ಆರೋಪಿ ಸ್ಥಾನದಲ್ಲಿರುವವರು

ಇವರನ್ನು ಎಲ್ಲರೂ ಮರೆಯುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 357ನೇ ಕಲಮಿನಂತೆ, ಬುದ್ಧಿ ಸ್ವಸ್ಥವಿದ್ದರೂ ಕಲಾಪ ಅರ್ಥಮಾಡಿಸಲು ಆಗದ ಆರೋಪಿಯ ವಿಚಾರಣೆಯನ್ನು ಕೋರ್ಟ್ ಮುಂದುವರಿಸಬಹುದು, ಶಿಕ್ಷೆಯಾದರೆ ಕಡತವನ್ನು ಹೈಕೋರ್ಟಿಗೆ ಕಳಿಸಬೇಕು. ಅಪಾಯ ಇರುವುದು 'ಆಗದ' ಎಂಬ ಪದದಲ್ಲಿ. ಅರ್ಥಮಾಡಿಸಲು ಆಗದು ಎನ್ನುವ ಮೊದಲು ಎಷ್ಟು ಪ್ರಯತ್ನ ನಡೆಯಿತು, ಯಾವ ದುಭಾಷಿ ಬಂದರು ಎಂದು ಆರ್ಡರ್ ಶೀಟಿನಲ್ಲಿ ಇರಲೇಬೇಕು. ಓದಲು ಬಾರದ ಕಿವುಡನ ಕೈಗೆ ಬಂಧನದ ಕಾರಣ ಬರೆದ ಚೀಟಿ ಕೊಟ್ಟರೆ ಕಾರಣ ತಿಳಿಸಿದಂತೆ ಆಗುವುದಿಲ್ಲ. ಮಾನಸಿಕ ಅಸ್ವಸ್ಥರಾದರೆ ಉಚಿತ ಕಾನೂನು ನೆರವಿನ ಹಕ್ಕನ್ನು ತಿಳಿಸುವ ಹೊಣೆ ಪೊಲೀಸ್, ಮ್ಯಾಜಿಸ್ಟ್ರೇಟ್, ಜೈಲು ಅಧಿಕಾರಿಗಳ ಮೇಲಿದೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 27ನೇ ಕಲಮಿನಲ್ಲಿದೆ.

ಅರ್ಜಿಯಲ್ಲಿ ಏನು ಬರೆಯಬೇಕು

ಅಂಗವಿಕಲರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12(ಡಿ) ಇದು. ಆದಾಯ ಪ್ರಮಾಣಪತ್ರ ಕೇಳಿದರೆ ಕೊಡಬೇಕಿಲ್ಲ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ವಕೀಲರನ್ನು ಕೇಳುವಾಗಲೇ ದುಭಾಷಿಯನ್ನೂ ಕೇಳಿ. ಕಕ್ಷಿದಾರರ ಜತೆ ಮಾತಾಡಲಾಗದ ವಕೀಲರು ಏನು ತಾನೆ ವಾದಿಸಿಯಾರು?

ಕೋರ್ಟಿಗೆ ಕೊಡುವ ಅರ್ಜಿ ಒಂದು ಪುಟ ಸಾಕು. ಯಾವ ವೈಕಲ್ಯ ಎಂಬುದಕ್ಕಿಂತ ಯಾವ ಅನುಕೂಲ ಬೇಕು ಎಂಬುದನ್ನು ಬಿಡಿಸಿ ಬರೆಯಿರಿ: ಸಂಜ್ಞಾ ಭಾಷೆಯೋ ಮನೆ ಸನ್ನೆಯೋ, ಎಷ್ಟು ಹೊತ್ತಿಗೊಮ್ಮೆ ವಿರಾಮ, ನೆಲಮಹಡಿಯ ಹಾಲ್ ಅಥವಾ ವಿಡಿಯೊ ಕಾನ್ಫರೆನ್ಸ್, ಕಡತದ ಯೂನಿಕೋಡ್ ಪ್ರತಿ, ಬೆಳಗಿನ ಮೊದಲ ಸರದಿ. 2016ರ ಕಾಯ್ದೆಯ 12ನೇ ಕಲಮು, ಮಾತು ಬಾರದ ಸಾಕ್ಷಿಯಾದರೆ ಸಾಕ್ಷ್ಯ ಅಧಿನಿಯಮದ 125ನೇ ಕಲಮು ನಮೂದಿಸಿ. ಸಾಕ್ಷ್ಯದ ದಿನವೇ ಕೊಟ್ಟರೆ ವಾಯಿದೆ ಬೀಳುತ್ತದೆ, ಕನಿಷ್ಠ ಒಂದು ವಿಚಾರಣಾ ತಾರೀಕು ಮೊದಲೇ ಕೊಡಿ. ಪ್ರತಿಯನ್ನು ಅಭಿಯೋಜಕರಿಗೂ ಎದುರು ವಕೀಲರಿಗೂ ತಲುಪಿಸಿ. ಅರ್ಜಿಯ ಮೇಲಿನ ಆದೇಶ ಆರ್ಡರ್ ಶೀಟಿನಲ್ಲಿ ಬಂದಿದೆಯೇ ಎಂದು ಅಂದೇ ನೋಡಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲೇ ನಿರಾಕರಣೆಯಾದರೆ ಮೇಲ್ಮನವಿಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.